ಬಿಲ್ಲಿನ ಹಿಂದಿರುವ ನಿಯಮ

ಯಾವ ಲೆಕ್ಕದಲ್ಲಿಯೇ ಆಗಲಿ ಎರಡು ಅಂಗಗಳಿರುತ್ತವೆ. ಒಂದು, ಕೊನೆಗೆ ದೊರೆಯುವ ಮೊತ್ತ. ಇನ್ನೊಂದು, ಆ ಮೊತ್ತವನ್ನು ಪಡೆಯಲು ಅನುಸರಿಸಿದ ನಿಯಮ. ಮೊತ್ತವು ಎಲ್ಲರ ಕಣ್ಣಿಗೂ ಬೀಳುತ್ತದೆ. ನಿಯಮವು ಬಹುಮಟ್ಟಿಗೆ ಮರೆಯಲ್ಲಿಯೇ ಉಳಿಯುತ್ತದೆ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬನು ಕೇವಲ ‘ಹನ್ನೆರಡು’ ಎಂದು ಬರೆದು ತಂದರೆ ಅಧ್ಯಾಪಕರು ಅದನ್ನು ಒಪ್ಪುವುದಿಲ್ಲ. ಹನ್ನೆರಡು ಏನು, ಗ್ರಾಮೋ ಸೆಂಟಿಮೀಟರೋ? ಯಾವ ಉಪಕರಣದಿಂದ ಅಳೆದದ್ದು? ಎಷ್ಟು ಸಲ ಅಳೆದದ್ದು? ಇವಕ್ಕೆ ಉತ್ತರ ದೊರೆಯದಿದ್ದರೆ ಆ ಅಂಕಿಗೆ ಬೆಲೆಯಿಲ್ಲ. ವಿಜ್ಞಾನದಲ್ಲಿ ನಾವು ಕ್ಷಮಿಸದ ಈ ಸಡಿಲವನ್ನು ಹಣಕಾಸಿನ ವ್ಯವಹಾರದಲ್ಲಿ ಮಾತ್ರ ಪ್ರಶ್ನೆಯಿಲ್ಲದೆ ಸಹಿಸಿಕೊಂಡು ಬರುತ್ತಿದ್ದೇವೆ. ಅದರಲ್ಲಿಯೂ ಗಣಕಯಂತ್ರವು ಮುದ್ರಿಸಿಕೊಟ್ಟ ಮೊತ್ತವೆಂದರೆ ಅದಕ್ಕೆ ಎದುರುಮಾತೇ ಇಲ್ಲವೆಂಬ ನಂಬಿಕೆ ಬೇರೂರಿದೆ.

ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಬೇಕೆಂಬುದು ನಮ್ಮ ಉದ್ದೇಶ. ಅದಕ್ಕಾಗಿ ನಾವು ಆರಿಸಿಕೊಂಡಿರುವ ನಿದರ್ಶನವು ಕಟ್ಟಡ ನಿರ್ಮಾಣದ ಕ್ಷೇತ್ರದಿಂದ ಬಂದದ್ದು. ಗುತ್ತಿಗೆಯ ಬಿಲ್ಲುಗಳನ್ನು ಯಾವ ಕಟ್ಟಳೆಗಳಂತೆ ಲೆಕ್ಕ ಹಾಕಬೇಕು ಎಂಬ ಸೆಟ್ಟಿಂಗುಗಳನ್ನು, ನಿರ್ಮಾಣ ನಿರ್ವಹಣೆಯ ತಂತ್ರಾಂಶವೊಂದರಿಂದ ಇನ್ನೊಂದು ತಂತ್ರಾಂಶವು ಕೇಳಿ ಪಡೆಯುವ ಕ್ರಮವೇ ಆ ನಿದರ್ಶನ. ವಿಷಯದ ಹೆಸರು ಕೇಳಿದೊಡನೆ ಇದು ಶುಷ್ಕವೆಂದು ಕೆಲವರಿಗೆ ತೋರಬಹುದು. ಆದರೆ ಸಾವಿರಾರು ಸಣ್ಣ ಗುತ್ತಿಗೆದಾರರ ಕೈಗೆ ಈ ತಿಂಗಳು ಹಣ ಸೇರುತ್ತದೆಯೇ, ಅವರು ತಮ್ಮ ಕೆಲಸಗಾರರಿಗೆ ಸಂಬಳ ಕೊಡಬಲ್ಲರೇ ಎಂಬ ಪ್ರಶ್ನೆ ಈ ಶುಷ್ಕ ವಿಷಯದೊಳಗೇ ಅಡಗಿದೆ.

ಕಟ್ಟಡದ ಬಿಲ್ಲು ಎಂದರೇನು?

ಅಂಗಡಿಯಲ್ಲಿ ಸಾಮಾನು ಕೊಂಡಾಗ ಬಿಲ್ಲು ಒಂದೇ ಸಲ ಆಗುತ್ತದೆ. ಹಣವೂ ಒಂದೇ ಸಲ ಸಲ್ಲುತ್ತದೆ. ಕಟ್ಟಡದ ವಿಷಯ ಹಾಗಲ್ಲ. ಒಂದು ಶಾಲೆಯನ್ನೋ ಆಸ್ಪತ್ರೆಯನ್ನೋ ಕಟ್ಟಲು ಒಂದೆರಡು ವರ್ಷಗಳೇ ಹಿಡಿಯಬಹುದು. ಅಷ್ಟು ಕಾಲ ತನ್ನ ಕೈಯಿಂದಲೇ ಹಣ ಹಾಕಿ ಕೆಲಸ ನಡೆಸುವ ಶಕ್ತಿ ಯಾವ ಗುತ್ತಿಗೆದಾರನಿಗೂ ಸಾಮಾನ್ಯವಾಗಿ ಇರುವುದಿಲ್ಲ. ಆದುದರಿಂದ ತಿಂಗಳು ತಿಂಗಳಿಗೆ, ಆ ತಿಂಗಳಲ್ಲಿ ಮುಗಿದ ಕೆಲಸವನ್ನು ಅಳೆದು ಬಿಲ್ಲು ಮಾಡುವ ಪದ್ಧತಿ ಬಂದಿದೆ. ನಮ್ಮ ದೇಶದ ಲೋಕೋಪಯೋಗಿ ಕಾಮಗಾರಿಗಳಲ್ಲಿ ಇಂತಹವನ್ನು ರನ್ನಿಂಗ್ ಬಿಲ್ಲು ಎನ್ನುವುದು ರೂಢಿ.

ಬಿಲ್ಲಿನ ಮೊತ್ತವೆಲ್ಲವೂ ಕೈಗೆ ಬರುವುದಿಲ್ಲ. ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೋದರೆ, ಇಲ್ಲವೆ ಮುಂದೆ ದೋಷ ಕಂಡುಬಂದರೆ ಬೇಕಾದೀತೆಂದು ಪ್ರತಿಯೊಂದು ಬಿಲ್ಲಿನಿಂದಲೂ ನೂರಕ್ಕೆ ಇಷ್ಟು ಎಂದು ಒಂದು ಭಾಗವನ್ನು ತಡೆಹಿಡಿಯುತ್ತಾರೆ. ಇದೇ ರಿಟೆನ್ಷನ್ ಹಣ. ಈ ತಡೆಹಿಡಿದ ಹಣವು ಕೆಲಸವೆಲ್ಲ ಮುಗಿದ ಮೇಲೆ, ಕೆಲವೊಮ್ಮೆ ಮುಗಿದು ಎಷ್ಟೋ ತಿಂಗಳಾದ ಮೇಲೆ, ಗುತ್ತಿಗೆದಾರನಿಗೆ ಸಲ್ಲುತ್ತದೆ. ದೊಡ್ಡ ಗುತ್ತಿಗೆದಾರನಿಂದ ಮಾಲೀಕನು ತಡೆಹಿಡಿದಂತೆಯೇ, ವಿದ್ಯುತ್ ತಂತಿ ಎಳೆಯುವವನು, ನೀರಿನ ಕೊಳವೆ ಜೋಡಿಸುವವನು, ಬಣ್ಣ ಬಳಿಯುವವನು ಮೊದಲಾದ ಉಪಗುತ್ತಿಗೆದಾರರಿಂದ ದೊಡ್ಡ ಗುತ್ತಿಗೆದಾರನು ತಡೆಹಿಡಿಯುತ್ತಾನೆ.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇಂತಹ ಬಿಲ್ಲುಗಳಿಗೆ ಒಂದು ಪ್ರಸಿದ್ಧ ನಮೂನೆಯುಂಟು. 1857ರಲ್ಲಿ ಸ್ಥಾಪಿತವಾದ ಅಲ್ಲಿನ ವಾಸ್ತುಶಿಲ್ಪಿಗಳ ಸಂಸ್ಥೆಯು ಪ್ರಕಟಿಸಿರುವ ‘ಜಿ 702’ ಎಂಬ ಹಾಳೆಯೇ ಅದು. ಬಾಬುಗಳ ವಿವರಕ್ಕೆಂದು ‘ಜಿ 703’ ಎಂಬ ಅನುಬಂಧವು ಅದರೊಡನೆ ಬರುತ್ತದೆ. ಈ ಹಾಳೆಯಲ್ಲಿ ಒಂದು ಒಳ್ಳೆಯ ಗುಣವಿದೆ. ತಡೆಹಿಡಿದ ಮೊತ್ತವನ್ನು ಬರೆಯುವ ಸಾಲಿನಲ್ಲಿಯೇ, ಮುಗಿದ ಕೆಲಸದ ಮೇಲೆ ನೂರಕ್ಕೆ ಎಷ್ಟು, ತಂದಿರಿಸಿದ ಸಾಮಗ್ರಿಯ ಮೇಲೆ ನೂರಕ್ಕೆ ಎಷ್ಟು ಎಂಬ ಎರಡು ದರಗಳನ್ನೂ ನಮೂದಿಸಬೇಕು. ಮೊತ್ತವೂ ನಿಯಮವೂ ಒಂದೇ ಹಾಳೆಯ ಮೇಲೆ ಅಕ್ಕಪಕ್ಕದಲ್ಲಿ ನಿಲ್ಲುತ್ತವೆ. ಹಾಳೆಯನ್ನು ಕೈಗೆತ್ತಿಕೊಂಡ ಯಾರಾದರೂ ಪೆನ್ಸಿಲಿನಿಂದ ಗುಣಿಸಿ ತಾಳೆ ನೋಡಬಹುದು.

ಹಾಳೆಯಿಂದ ತಂತ್ರಾಂಶಕ್ಕೆ

ಈಗ ಬಿಲ್ಲುಗಳು ಹಾಳೆಯಿಂದ ಗಣಕಯಂತ್ರಕ್ಕೆ ಸಾಗಿವೆ. ಕ್ಯಾಲಿಫೋರ್ನಿಯದಲ್ಲಿ 2002ರಲ್ಲಿ ಆರಂಭವಾದ ಪ್ರೊಕೋರ್ ಎಂಬ ಕಂಪನಿಯ ತಂತ್ರಾಂಶವು ಈ ಬಗೆಯವುಗಳಲ್ಲಿ ಹೆಸರಾದುದು. ಅಂತಹವು ಬೇರೆಯೂ ಇವೆ. ಒಂದು ಕಟ್ಟಡಕ್ಕೆ ಸಂಬಂಧಿಸಿದ ನಕ್ಷೆ, ಪತ್ರವ್ಯವಹಾರ, ಗುತ್ತಿಗೆ, ಬಿಲ್ಲು ಎಲ್ಲವನ್ನೂ ಇವು ಒಂದೆಡೆ ಇರಿಸುತ್ತವೆ.

ಇಂತಹ ತಂತ್ರಾಂಶದಲ್ಲಿ ಗುತ್ತಿಗೆಯೊಂದನ್ನು ದಾಖಲು ಮಾಡುವಾಗ ಅದರ ಬಿಲ್ಲುಗಳ ವಿಷಯದಲ್ಲಿ ಕೆಲವು ತೀರ್ಮಾನಗಳನ್ನು ಮೊದಲೇ ಮಾಡಿಡಬೇಕಾಗುತ್ತದೆ. ಬಿಲ್ಲಿನ ಅವಧಿ ಯಾವ ದಿನದಿಂದ ಯಾವ ದಿನದವರೆಗೆ? ಬಿಲ್ಲನ್ನು ಎಷ್ಟನೆಯ ತಾರೀಖಿನೊಳಗೆ ಸಲ್ಲಿಸಬೇಕು? ಲೆಕ್ಕವನ್ನು ಮೊತ್ತದಿಂದ ಹಾಕಬೇಕೋ, ಪರಿಮಾಣ ಮತ್ತು ದರಗಳಿಂದ ಹಾಕಬೇಕೋ? ಹಣವನ್ನು ತಡೆಹಿಡಿಯಬೇಕೆ? ತಡೆಹಿಡಿಯುವುದಾದರೆ ನೂರಕ್ಕೆ ಎಷ್ಟು? ಸಾಮಗ್ರಿಗೂ ಅದೇ ದರವೋ, ಬೇರೆಯೋ? ಕೆಲಸ ಅರ್ಧ ಮುಗಿದ ಮೇಲೆ ದರ ಇಳಿಯಬೇಕೆ? ಒಪ್ಪಿದ ಬಾಬಿಗಿಂತ ಹೆಚ್ಚಿಗೆ ಬಿಲ್ಲು ಮಾಡಿದರೆ ಅಂಗೀಕರಿಸಬೇಕೆ, ತಿರಸ್ಕರಿಸಬೇಕೆ? ಈ ಉತ್ತರಗಳನ್ನೇ ಬಿಲ್ಲಿನ ಸೆಟ್ಟಿಂಗುಗಳೆಂದು ಕರೆಯುವುದು. ಒಮ್ಮೆ ಇವನ್ನು ಬರೆದಿಟ್ಟರೆ ಮುಂದೆ ಪ್ರತಿ ತಿಂಗಳೂ ಯಂತ್ರವು ಇವುಗಳಂತೆಯೇ ಲೆಕ್ಕ ಹಾಕುತ್ತದೆ. ಯಾರನ್ನೂ ಕೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ.

ಬಿಲ್ಲಿನ ಪ್ರಯಾಣ ಇಲ್ಲಿಗೇ ಮುಗಿಯಲಿಲ್ಲ. ನಿರ್ಮಾಣದ ತಂತ್ರಾಂಶದಲ್ಲಿ ತಯಾರಾದ ಬಿಲ್ಲು ಕಂಪನಿಯ ಲೆಕ್ಕಪತ್ರದ ತಂತ್ರಾಂಶಕ್ಕೆ ಹೋಗಬೇಕು; ಅಲ್ಲಿಂದ ಬ್ಯಾಂಕಿಗೆ ಹೋಗಬೇಕು. ಈ ಹಾದಿಯಲ್ಲಿ ಮನುಷ್ಯನ ಕೈ ಇಲ್ಲ. ಯಂತ್ರವು ಯಂತ್ರಕ್ಕೆ ಒಪ್ಪಿಸುತ್ತದೆ. ಹೀಗೆ ಒಪ್ಪಿಸುವಾಗ ಮೊತ್ತ ಮಾತ್ರ ಮುಂದೆ ಹೋಗಿ, ನಿಯಮವು ಹಿಂದಿನ ಮನೆಯಲ್ಲಿಯೇ ಉಳಿದುಬಿಡುವುದುಂಟು. ಜಿ 702 ಹಾಳೆಯಲ್ಲಿ ಅಕ್ಕಪಕ್ಕದಲ್ಲಿದ್ದ ಎರಡು ಸಂಗತಿಗಳು ಇಲ್ಲಿ ಅಗಲುತ್ತವೆ. ನಮ್ಮ ಆಕ್ಷೇಪಣೆ ಇರುವುದು ಈ ಅಗಲಿಕೆಗೆ.

ಯಂತ್ರವು ಯಂತ್ರವನ್ನು ಕೇಳುವ ಬಗೆ

ಉಳಿದುಹೋದ ನಿಯಮವನ್ನು ಕೇಳಿ ತರಿಸಿಕೊಳ್ಳಲು ಮಾರ್ಗವಿಲ್ಲದೆ ಇಲ್ಲ. ಆ ಮಾರ್ಗದ ಹೆಸರೇ ಅಪ್ಲಿಕೇಷನ್ ಪ್ರೋಗ್ರಾಮಿಂಗ್ ಇಂಟರ್‌ಫೇಸ್, ಸಂಕ್ಷೇಪವಾಗಿ ಎಪಿಐ. ಅಂಚೆ ಕಚೇರಿಯ ಕಿಟಕಿಯನ್ನು ನೆನಪಿಗೆ ತಂದುಕೊಂಡರೆ ಇದರ ಸ್ವರೂಪ ತಿಳಿಯುತ್ತದೆ. ಒಳಗೆ ಗುಮಾಸ್ತರು ಹೇಗೆ ಕೆಲಸ ಮಾಡುತ್ತಾರೆ, ಯಾವ ಕಪಾಟಿನಲ್ಲಿ ಏನಿದೆ ಎಂಬುದು ಹೊರಗೆ ನಿಂತವರಿಗೆ ಬೇಕಿಲ್ಲ. ಗೊತ್ತುಮಾಡಿದ ನಮೂನೆಯನ್ನು ತುಂಬಿ ಗೊತ್ತಾದ ಕಿಟಕಿಯಲ್ಲಿ ಕೊಟ್ಟರೆ ಗೊತ್ತಾದ ಬಗೆಯ ಉತ್ತರ ಬರುತ್ತದೆ. ಒಂದು ತಂತ್ರಾಂಶವು ಇತರ ತಂತ್ರಾಂಶಗಳಿಗಾಗಿ ತೆರೆದಿಟ್ಟ ಕಿಟಕಿಯೇ ಎಪಿಐ.

ಕೇಳುವ ತಂತ್ರಾಂಶವು ಮೊದಲು ತನ್ನ ಗುರುತನ್ನು ಸ್ಥಾಪಿಸಬೇಕು. ಇದಕ್ಕೆ 2012ರಲ್ಲಿ ಪ್ರಕಟವಾದ ಓಆತ್ 2.0 ಎಂಬ ಕ್ರಮವು ವ್ಯಾಪಕವಾಗಿ ಬಳಕೆಯಲ್ಲಿದೆ. ಇದರ ಸೊಗಸೇನೆಂದರೆ, ಯಜಮಾನನು ತನ್ನ ಪಾಸ್‌ವರ್ಡನ್ನು ಯಾರಿಗೂ ಕೊಡಬೇಕಿಲ್ಲ. ಬದಲಾಗಿ, ಇಂತಿಷ್ಟು ಕಾಲ ನಡೆಯುವ, ಇಂತಿಂತಹ ಕೆಲಸಕ್ಕೆ ಮಾತ್ರ ಸಲ್ಲುವ ಒಂದು ಟೋಕನ್ ಸಿಗುತ್ತದೆ. ಆ ಟೋಕನನ್ನು ತೋರಿಸಿ, ಯಾವ ಕಂಪನಿ, ಯಾವ ಕಾಮಗಾರಿ, ಯಾವ ಗುತ್ತಿಗೆ ಎಂಬುದನ್ನು ಲಕೋಟೆಯ ಮೇಲಿನ ವಿಳಾಸದಂತೆ ಕ್ರಮವಾಗಿ ಹೇಳಿ, ‘ಗೆಟ್’ ಎಂಬ ಆಜ್ಞೆಯೊಡನೆ ಕೋರಿಕೆಯನ್ನು ಕಳುಹಿಸಬೇಕು.

ಈ ಗೆಟ್ ಎಂಬ ಆಜ್ಞೆಯು ಅಂತರಜಾಲದ ಎಚ್‌ಟಿಟಿಪಿ ಎಂಬ ಸಂಭಾಷಣಾ ಕ್ರಮಕ್ಕೆ ಸೇರಿದುದು. ಅದರ ಕಟ್ಟಳೆಯಂತೆ ಗೆಟ್ ಎಂದರೆ ಕೇವಲ ಓದುವಿಕೆ. ಅದರಿಂದ ದಾಖಲೆಯಲ್ಲಿ ಏನೂ ಬದಲಾಗಕೂಡದು. ಮನೆಯ ವಿದ್ಯುತ್ ಮೀಟರನ್ನು ಹತ್ತು ಸಲ ನೋಡಿ ಬಂದರೂ ಬಿಲ್ಲು ಏರುವುದಿಲ್ಲವಷ್ಟೆ, ಇದೂ ಹಾಗೆಯೇ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ನಿಯಮವನ್ನು ಓದುವ ಹಕ್ಕು ಬೇರೆ, ಅದನ್ನು ತಿದ್ದುವ ಹಕ್ಕು ಬೇರೆ. ಒಂದನ್ನು ಕೊಟ್ಟ ಮಾತ್ರಕ್ಕೆ ಇನ್ನೊಂದನ್ನು ಕೊಟ್ಟಂತಾಗುವುದಿಲ್ಲ.

ಉತ್ತರವು ಬರುವಾಗ ಮೊದಲು ಒಂದು ಸಂಖ್ಯೆ ಬರುತ್ತದೆ. 200 ಎಂದರೆ ಕೋರಿಕೆ ಸಫಲವಾಯಿತು. 401 ಎಂದರೆ ಗುರುತು ಸ್ಥಾಪಿತವಾಗಲಿಲ್ಲ. 403 ಎಂದರೆ ಗುರುತು ಸರಿ, ಆದರೆ ನೋಡುವ ಅಧಿಕಾರವಿಲ್ಲ. 404 ಎಂದರೆ ಕೇಳಿದ್ದು ಇಲ್ಲಿ ಇಲ್ಲ. ಸಫಲವಾದಾಗ ಸೆಟ್ಟಿಂಗುಗಳು ಸಾಮಾನ್ಯವಾಗಿ ಜೇಸನ್ ಎಂಬ ಸರಳ ರೂಪದಲ್ಲಿ, ಹೆಸರು ಮತ್ತು ಬೆಲೆ ಎಂಬ ಜೋಡಿಗಳಾಗಿ ಬರುತ್ತವೆ: ತಡೆಹಿಡಿಯುವ ದರ, ಹತ್ತು, ಅವಧಿಯ ಕೊನೆ, ಇಂತಹ ತಾರೀಖು, ಸಾಮಗ್ರಿಗೆ ಬೇರೆ ದರ, ಇಲ್ಲ.

ಉತ್ತರವನ್ನು ಓದುವುದೂ ಒಂದು ವಿದ್ಯೆ

ಉತ್ತರ ಬಂದಿತೆಂದ ಮಾತ್ರಕ್ಕೆ ಅರ್ಥವಾಯಿತೆಂದಲ್ಲ. ಇಲ್ಲಿ ಮೂರು ತೊಡಕುಗಳನ್ನು ವಿದ್ಯಾರ್ಥಿಗಳ ಗಮನಕ್ಕೆ ತರುತ್ತೇವೆ.

ಮೊದಲನೆಯದು ಸೊನ್ನೆಗೂ ‘ಇಲ್ಲ’ಕ್ಕೂ ಇರುವ ಅಂತರ. ದರದ ಎದುರು 0 ಎಂದಿದ್ದರೆ, ಏನನ್ನೂ ತಡೆಹಿಡಿಯಬೇಡವೆಂದು ಯಾರೋ ಯೋಚಿಸಿ ತೀರ್ಮಾನಿಸಿದ್ದಾರೆಂದು ಅರ್ಥ. ಅಲ್ಲಿ ‘ನಲ್’ ಎಂದಿದ್ದರೆ, ಯಾರೂ ಏನನ್ನೂ ಬರೆದಿಲ್ಲವೆಂದು ಅರ್ಥ. ದರದ ಹೆಸರೇ ಉತ್ತರದಲ್ಲಿ ಬಾರದಿದ್ದರೆ, ಆ ಸೆಟ್ಟಿಂಗು ಈ ಗುತ್ತಿಗೆಗೆ ಅನ್ವಯಿಸುವುದಿಲ್ಲವೆಂದೋ, ಅದನ್ನು ನೋಡಲು ನಿಮಗೆ ಅವಕಾಶವಿಲ್ಲವೆಂದೋ ಅರ್ಥವಾಗಬಹುದು. ಬರೆಯದೆ ಬಿಟ್ಟಿದ್ದಲ್ಲಿ ಇಡೀ ಕಾಮಗಾರಿಗೆ ಗೊತ್ತುಮಾಡಿದ ದರವೇ ಈ ಗುತ್ತಿಗೆಗೂ ಇಳಿದುಬರುವ ಏರ್ಪಾಡು ಇರಬಹುದು. ಅವಸರದ ಪ್ರೋಗ್ರಾಮೊಂದು ಈ ಮೂರನ್ನೂ ಸೊನ್ನೆಯೆಂದೇ ಎಣಿಸಿದರೆ ತಪ್ಪು ಲೆಕ್ಕವು ಸರಿಯಾದ ಲೆಕ್ಕದ ವೇಷದಲ್ಲಿ ಹೊರಬೀಳುತ್ತದೆ. ಮಳೆಮಾಪಕದಲ್ಲಿ ‘ಮಳೆ ಬೀಳಲಿಲ್ಲ’ ಎಂಬುದಕ್ಕೂ ‘ಅಂದು ಯಾರೂ ಮಾಪಕವನ್ನು ನೋಡಲಿಲ್ಲ’ ಎಂಬುದಕ್ಕೂ ಎಷ್ಟು ವ್ಯತ್ಯಾಸವೋ ಇಲ್ಲಿಯೂ ಅಷ್ಟೇ ವ್ಯತ್ಯಾಸ.

ಎರಡನೆಯದು ‘ಇಲ್ಲ’ ಎಂಬ ಉತ್ತರದ ಇಬ್ಬಗೆ. ಅಧಿಕಾರವಿಲ್ಲದವರು ಕೇಳಿದಾಗ 403 ಎಂದು ಹೇಳಿದರೆ, ವಸ್ತು ಇದೆಯೆಂಬ ಗುಟ್ಟಾದರೂ ಬಯಲಾಗುತ್ತದೆ. ಅದನ್ನೂ ಮುಚ್ಚಿಡಬೇಕೆಂದು ಬಯಸುವ ವ್ಯವಸ್ಥೆಗಳು 404 ಎಂದೇ ಉತ್ತರಿಸಬಹುದು. ಎಚ್‌ಟಿಟಿಪಿಯ ಕಟ್ಟಳೆಯೇ ಇದಕ್ಕೆ ಅವಕಾಶ ಕೊಟ್ಟಿದೆ. ಆದುದರಿಂದ ಯಂತ್ರವು ‘ಇಲ್ಲ’ ಎಂದಾಗ ನಿಜವಾಗಿಯೂ ಇಲ್ಲವೋ, ಇದ್ದೂ ನಮಗೆ ತೋರಿಸಲಿಲ್ಲವೋ ಎಂಬುದನ್ನು ಬೇರೆ ದಾರಿಯಿಂದ ನಿಶ್ಚಯಿಸಿಕೊಳ್ಳಬೇಕು.

ಮೂರನೆಯದು ಕಾಲಕ್ಕೆ ಸಂಬಂಧಪಟ್ಟದ್ದು. ಇದೇ ಎಲ್ಲಕ್ಕಿಂತ ಸೂಕ್ಷ್ಮವಾದುದು. ಇಂತಹ ಕೋರಿಕೆಗೆ ಬರುವ ಉತ್ತರವು ಸಾಮಾನ್ಯವಾಗಿ ಆ ಕ್ಷಣದ ಸ್ಥಿತಿ. ಮಾರ್ಚ್ ತಿಂಗಳ ಬಿಲ್ಲನ್ನು ನೂರಕ್ಕೆ 10ರ ದರದಲ್ಲಿ ಲೆಕ್ಕ ಹಾಕಿ, ಮೇ ತಿಂಗಳಲ್ಲಿ ದರವನ್ನು 5ಕ್ಕೆ ಇಳಿಸಿದ್ದಾರೆನ್ನೋಣ. ಜೂನ್ ತಿಂಗಳಲ್ಲಿ ಸೆಟ್ಟಿಂಗನ್ನು ಕೇಳಿದವರಿಗೆ 5 ಎಂಬ ಉತ್ತರವೇ ಬರುತ್ತದೆ. ಅದನ್ನು ಹಿಡಿದು ಮಾರ್ಚ್ ತಿಂಗಳ ಬಿಲ್ಲನ್ನು ಪರೀಕ್ಷಿಸಿದರೆ ಸರಿಯಾದ ಬಿಲ್ಲೂ ತಪ್ಪಾಗಿ ಕಾಣುತ್ತದೆ. ಹಿಂದಿನ ನಿಯಮವನ್ನು ಅಂದೇ ಬರೆದಿಟ್ಟುಕೊಳ್ಳದಿದ್ದರೆ ಇಂದು ಅದನ್ನು ಸಾಬೀತು ಮಾಡುವುದು ಕಷ್ಟ.

ಸಣ್ಣ ನಿಯಮ, ದೊಡ್ಡ ಪರಿಣಾಮ

ಕಣ್ಣಿಗೆ ಕಾಣದ ಸಣ್ಣ ನಿಯಮವೊಂದು ಏನು ಮಾಡಬಲ್ಲುದೆಂಬುದಕ್ಕೆ ಕಟ್ಟಡಗಳ ಹೊರಗಿನಿಂದ ಒಂದು ಪ್ರಸಿದ್ಧ ದೃಷ್ಟಾಂತವನ್ನು ಕೊಡಬಹುದು. ಕೆನಡ ದೇಶದಲ್ಲಿ ಆಗ ಇದ್ದ ವ್ಯಾಂಕೂವರ್ ಷೇರುಪೇಟೆಯು 1982ರ ಜನವರಿಯಲ್ಲಿ 1000 ಎಂಬ ಬೆಲೆಯಿಂದ ಒಂದು ಸೂಚ್ಯಂಕವನ್ನು ಆರಂಭಿಸಿತು. ಪ್ರತಿಯೊಂದು ವ್ಯಾಪಾರವಾದಾಗಲೂ ಗಣಕಯಂತ್ರವು ಸೂಚ್ಯಂಕವನ್ನು ಹೊಸದಾಗಿ ಲೆಕ್ಕ ಹಾಕಿ ಮೂರು ದಶಮಾಂಶ ಸ್ಥಾನಗಳಿಗೆ ನಿಲ್ಲಿಸುತ್ತಿತ್ತು. ನಿಲ್ಲಿಸುವಾಗ ಸಮೀಪದ ಅಂಕಿಗೆ ಸರಿಪಡಿಸಬೇಕಾಗಿತ್ತು. ಅದು ಮುಂದಿನ ಅಂಕಿಗಳನ್ನು ಸುಮ್ಮನೆ ಕತ್ತರಿಸಿ ಎಸೆಯುತ್ತಿತ್ತು. ಒಂದು ಸಲಕ್ಕೆ ನಷ್ಟವಾದದ್ದು ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಆದರೆ ದಿನಕ್ಕೆ ಸಾವಿರಾರು ಸಲ ಇದು ನಡೆಯುತ್ತಿತ್ತು. 1983ರ ನವೆಂಬರಿನ ಹೊತ್ತಿಗೆ ಸೂಚ್ಯಂಕವು ಸುಮಾರು 524ಕ್ಕೆ ಇಳಿದಿತ್ತು. ಸರಿಯಾದ ನಿಯಮದಂತೆ ಲೆಕ್ಕ ಹಾಕಿ ನೋಡಿದಾಗ ಅದು ಸುಮಾರು 1098 ಆಗಿರಬೇಕಾಗಿತ್ತು! ಸುಮಾರು ಎರಡು ವರ್ಷ ಕಾಲ ಪ್ರತಿದಿನವೂ ಅಂಕಿಯನ್ನು ಜನರು ನೋಡುತ್ತಿದ್ದರು. ನಿಯಮವು ಮಾತ್ರ ಒಳಗೇ ಉಳಿದಿತ್ತು.

ಈಗ ಕಟ್ಟಡದ ಬಿಲ್ಲಿಗೆ ಮರಳೋಣ. ಒಬ್ಬ ಉಪಗುತ್ತಿಗೆದಾರನು ಒಂದು ಶಾಲೆಗೆ ವಿದ್ಯುತ್ ತಂತಿ ಎಳೆಯುವ ಕೆಲಸವನ್ನು 5,00,000 ಡಾಲರುಗಳಿಗೆ ಒಪ್ಪಿಕೊಂಡಿದ್ದಾನೆಂದು ಊಹಿಸೋಣ. ಈ ತಿಂಗಳು ಅವನು ಮುಗಿಸಿದ ಕೆಲಸದ ಬೆಲೆ 40,000 ಡಾಲರು. ತಂದಿರಿಸಿದ ಸಾಮಗ್ರಿಯ ಬೆಲೆ 20,000 ಡಾಲರು. ಎರಡರ ಮೇಲೂ ನೂರಕ್ಕೆ 10ರಂತೆ ತಡೆಹಿಡಿದರೆ ಅವನಿಗೆ ಸಲ್ಲುವುದು 54,000. ಕೆಲಸದ ಮೇಲೆ ಮಾತ್ರ ನೂರಕ್ಕೆ 10ರಂತೆ ಹಿಡಿದರೆ 56,000. ಎರಡರ ಮೇಲೂ ನೂರಕ್ಕೆ 5ರಂತೆ ಹಿಡಿದರೆ 57,000. ಮೂರು ಉತ್ತರಗಳಲ್ಲಿಯೂ ಅಂಕಗಣಿತದ ತಪ್ಪು ಎಳ್ಳಷ್ಟೂ ಇಲ್ಲ. ಆದರೂ ಮೂರು ಉತ್ತರಗಳಿವೆ. ಅವನು ತನಗೆ ಬಂದ ಮೊತ್ತವನ್ನು ಎಷ್ಟು ಸಲ ಕೂಡಿ ಕಳೆದು ನೋಡಿದರೂ, ನಿಯಮವು ತಿಳಿಯದ ಹೊರತು, ಅದು ಸರಿಯೋ ತಪ್ಪೋ ಹೇಳಲಾರನು.

ಇಡೀ ಗುತ್ತಿಗೆಯನ್ನು ತೆಗೆದುಕೊಂಡರೆ ನೂರಕ್ಕೆ 10ರ ದರದಲ್ಲಿ 50,000 ಡಾಲರು ಕೊನೆಯವರೆಗೂ ಪರರ ಕೈಯಲ್ಲಿ ಉಳಿಯುತ್ತದೆ. ಅವನಿಗೆ ಈ ಕೆಲಸದಿಂದ ನೂರಕ್ಕೆ 6ರಂತೆ ಲಾಭವೆಂದು ಇಟ್ಟುಕೊಂಡರೆ ಆ ಲಾಭ 30,000 ಮಾತ್ರ. ಅಂದರೆ ತಡೆಹಿಡಿದ ಹಣವು ಅವನ ಲಾಭವನ್ನೆಲ್ಲ ನುಂಗಿ, ಅವನು ಕೂಲಿಗೂ ತಂತಿಗೂ ತೆತ್ತ ಹಣದಲ್ಲಿಯೂ 20,000 ಡಾಲರನ್ನು ಹಿಡಿದಿಟ್ಟಿರುತ್ತದೆ. ಹಣ ಬರುವ ತನಕ ಅವನು ಸಾಲ ಮಾಡಬೇಕು; ಇಲ್ಲವೆ ಕೆಲಸಗಾರರನ್ನು ಕಾಯಿಸಬೇಕು.

ಹಣವನ್ನು ಹಿಡಿದಿಟ್ಟವನೇ ದಿವಾಳಿಯಾದರೆ ಗತಿಯೇನು? ಬ್ರಿಟನ್ನಿನ ದೊಡ್ಡ ನಿರ್ಮಾಣ ಕಂಪನಿಗಳಲ್ಲಿ ಒಂದಾಗಿದ್ದ ಕ್ಯಾರಿಲಿಯನ್ 2018ರ ಜನವರಿ 15ರಂದು ಕುಸಿದುಬಿದ್ದಾಗ, ಸರಬರಾಜುದಾರರು, ಉಪಗುತ್ತಿಗೆದಾರರು ಮೊದಲಾದ ಸುಮಾರು 30,000 ಮಂದಿಗೆ ಅದು ಸುಮಾರು 200 ಕೋಟಿ ಪೌಂಡುಗಳಷ್ಟು ಬಾಕಿಯಿತ್ತೆಂದು ಅಲ್ಲಿನ ಪಾರ್ಲಿಮೆಂಟಿನ ಸಮಿತಿಗಳು ಅದೇ ವರ್ಷ ವರದಿ ಮಾಡಿದವು. ನ್ಯೂಜಿಲೆಂಡಿನಲ್ಲಿ 2013ರಲ್ಲಿ ಮೇನ್‌ಜೀಲ್ ಎಂಬ ಕಂಪನಿ ಬಿದ್ದಾಗಲೂ ತಡೆಹಿಡಿದ ಹಣ ಉಪಗುತ್ತಿಗೆದಾರರ ಕೈ ತಪ್ಪಿತು. ಆ ದೇಶವು ಅದರಿಂದ ಪಾಠ ಕಲಿತು, ಇಂತಹ ಹಣವನ್ನು ನಂಬಿಕೆಯ ಆಸ್ತಿಯಾಗಿ ಕಾಪಾಡಬೇಕೆಂದು 2017ರಿಂದ ವಿಧಿಸಿತು. 2023ರ ಅಕ್ಟೋಬರಿನಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಣವನ್ನು ಹಿಡಿದಿಟ್ಟವನು ಅದರ ವಿವರವನ್ನು ಹಣದ ಒಡೆಯನಿಗೆ ಆಗಿಂದಾಗ್ಗೆ ತಿಳಿಸಬೇಕೆಂದು ಕಾನೂನು ಮಾಡಿತು. ಹಣದೊಡನೆ ಮಾಹಿತಿಯೂ ಸಲ್ಲಬೇಕೆಂಬ ತತ್ತ್ವವನ್ನು ಒಂದು ದೇಶವು ಹೀಗೆ ಕಾನೂನಿನಲ್ಲಿಯೇ ಬರೆದಿಟ್ಟಿದೆ.

ಕಾನೂನು ಬದಲಾಯಿತು, ಯಂತ್ರಕ್ಕೆ ತಿಳಿಯಿತೆ?

ಅಮೆರಿಕದಲ್ಲಿ ಈಚಿನ ವರ್ಷಗಳಲ್ಲಿ ತಡೆಹಿಡಿಯುವ ದರಕ್ಕೆ ಮಿತಿ ಹಾಕುವ ಪ್ರಯತ್ನಗಳು ನಡೆದಿವೆ. ನ್ಯೂಯಾರ್ಕ್ ರಾಜ್ಯವು 2023ರ ನವೆಂಬರಿನಲ್ಲಿ, 1,50,000 ಡಾಲರು ಅಥವಾ ಅದಕ್ಕೆ ಮೇಲ್ಪಟ್ಟ ಖಾಸಗಿ ನಿರ್ಮಾಣ ಗುತ್ತಿಗೆಗಳಲ್ಲಿ ನೂರಕ್ಕೆ 5ಕ್ಕಿಂತ ಹೆಚ್ಚು ಹಿಡಿಯಕೂಡದೆಂದು ವಿಧಿಸಿತು. ಕ್ಯಾಲಿಫೋರ್ನಿಯ ರಾಜ್ಯವು 2026ರ ಜನವರಿ 1ರಿಂದ ಈಚೆಗೆ ಮಾಡಿಕೊಂಡ ಖಾಸಗಿ ಗುತ್ತಿಗೆಗಳಿಗೆ ಇದೇ ಮಿತಿಯನ್ನು, ಕೆಲವು ವಿನಾಯಿತಿಗಳೊಡನೆ, ಜಾರಿಗೆ ತಂದಿತು.

ಇಲ್ಲಿ ವಾಚಕರು ಒಂದು ಕ್ಷಣ ನಿಂತು ಯೋಚಿಸಬೇಕು. ಕಾನೂನು ಜಾರಿಗೆ ಬಂದ ದಿನ ತಂತ್ರಾಂಶದೊಳಗಿನ ಸೆಟ್ಟಿಂಗುಗಳು ತಮ್ಮಷ್ಟಕ್ಕೆ ತಾವೇ ಬದಲಾಗುವುದಿಲ್ಲ. ಕಂಪನಿಯೊಂದು ಬಹುಕಾಲದಿಂದ ಪ್ರತಿಯೊಂದು ಹೊಸ ಗುತ್ತಿಗೆಗೂ ನೂರಕ್ಕೆ 10 ಎಂಬ ದರವನ್ನೇ ಮೊದಲಿಂದ ತುಂಬಿಕೊಂಡು ಬರುವಂತೆ ಏರ್ಪಡಿಸಿದ್ದರೆ, ಯಾರಾದರೂ ನೆನಪಿಟ್ಟು ತಿದ್ದುವವರೆಗೂ ಯಂತ್ರವು ಹತ್ತನ್ನೇ ಹಿಡಿಯುತ್ತಾ ಹೋಗುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇರಬೇಕಾಗಿಲ್ಲ, ಮರೆವೊಂದೇ ಸಾಕು.

ಇಂತಹ ಮರೆವಿಗೆ ಮದ್ದೂ ಅದೇ ಎಪಿಐಯಲ್ಲಿದೆ. ಕಂಪನಿಯ ನೂರಾರು ಗುತ್ತಿಗೆಗಳನ್ನು ಒಬ್ಬ ಗುಮಾಸ್ತನು ಒಂದೊಂದಾಗಿ ತೆರೆದು ನೋಡಬೇಕಾದರೆ ದಿನಗಳೇ ಹಿಡಿಯುತ್ತವೆ. ಕಣ್ಣು ದಣಿದು ತಪ್ಪುವುದೂ ಉಂಟು. ಪುಟ್ಟ ಪ್ರೋಗ್ರಾಮೊಂದು ಪ್ರತಿ ಗುತ್ತಿಗೆಯ ಸೆಟ್ಟಿಂಗುಗಳನ್ನೂ ಕೇಳಿ ಪಡೆದು, ಒಪ್ಪಂದದ ತಾರೀಖನ್ನೂ ದರವನ್ನೂ ಹೋಲಿಸಿ, ಮಿತಿ ಮೀರಿದವುಗಳ ಪಟ್ಟಿಯನ್ನು ಸ್ವಲ್ಪ ಹೊತ್ತಿನಲ್ಲಿಯೇ ಮುಂದಿಡಬಲ್ಲುದು. ಗುತ್ತಿಗೆಗಳ ಪಟ್ಟಿ ಪುಟಪುಟವಾಗಿ ಬರುವುದರಿಂದ ಕೊನೆಯ ಪುಟದವರೆಗೂ ಕೇಳಲು ಮರೆಯಬಾರದು, ಅಷ್ಟೆ. ಮೊದಲ ಪುಟವನ್ನು ಓದಿ ಎಲ್ಲವನ್ನೂ ಓದಿದೆವೆಂದು ತಿಳಿಯುವುದು ಪ್ರೋಗ್ರಾಮುಗಳಿಗೂ ಮನುಷ್ಯರಿಗೂ ಸಮಾನವಾದ ದೋಷ.

ನಮ್ಮ ಅಭಿಪ್ರಾಯ

ಈ ಎಲ್ಲ ಸಂಗತಿಗಳಿಂದ ನಾವು ಮೂರು ತೀರ್ಮಾನಗಳಿಗೆ ಬರುತ್ತೇವೆ. ಮೊದಲನೆಯದಾಗಿ, ಯಂತ್ರದಿಂದ ಯಂತ್ರಕ್ಕೆ ಬಿಲ್ಲು ಸಾಗುವಾಗ, ಆ ಬಿಲ್ಲನ್ನು ಲೆಕ್ಕ ಹಾಕಿದ ಸೆಟ್ಟಿಂಗುಗಳ ಪ್ರತಿಯೂ, ಅವು ಜಾರಿಯಲ್ಲಿದ್ದ ತಾರೀಖಿನೊಡನೆ, ಬಿಲ್ಲಿಗೆ ಅಂಟಿಕೊಂಡೇ ಹೋಗಬೇಕು. ಜಿ 702 ಹಾಳೆಯು ಕಾಗದದ ಮೇಲೆ ಸಾಧಿಸಿದ್ದನ್ನು ವಿದ್ಯುನ್ಮಾನದ ಯುಗವು ಕೈಬಿಡುವುದು ನಾಚಿಕೆಗೇಡು. ಎರಡನೆಯದಾಗಿ, ಯಾರ ಹಣವನ್ನು ನಿಯಮವು ತಡೆಹಿಡಿಯುತ್ತದೆಯೋ ಅವರಿಗೆ ಆ ನಿಯಮವನ್ನು ಓದುವ ಅವಕಾಶವಿರಬೇಕು. ತಿದ್ದುವ ಅಧಿಕಾರ ಬೇಕಿಲ್ಲ, ಓದುವ ಅಧಿಕಾರ ಸಾಕು. ಮೂರನೆಯದಾಗಿ, ಸೆಟ್ಟಿಂಗನ್ನು ಯಾರು, ಎಂದು, ಯಾವುದರಿಂದ ಯಾವುದಕ್ಕೆ ಬದಲಾಯಿಸಿದರು ಎಂಬ ದಾಖಲೆಯನ್ನೂ ಅದೇ ಕಿಟಕಿಯಿಂದ ಪಡೆಯುವಂತಿರಬೇಕು.

ಇದಕ್ಕೆ ಆಕ್ಷೇಪಣೆಗಳು ಇಲ್ಲದಿಲ್ಲ. ಗುತ್ತಿಗೆಯ ವಿವರಗಳು ವ್ಯಾಪಾರದ ಗುಟ್ಟುಗಳಲ್ಲವೆ, ಅವನ್ನು ಬಯಲಿಗೆ ಇಡಬಹುದೆ ಎಂದು ಕೆಲವರು ಕೇಳಬಹುದು. ಬಯಲಿಗೆ ಇಡಬೇಕೆಂದು ನಾವು ಹೇಳುತ್ತಿಲ್ಲ. ಒಬ್ಬನ ದರವನ್ನು ಅವನ ಪ್ರತಿಸ್ಪರ್ಧಿಗೆ ತೋರಿಸುವುದು ಅನ್ಯಾಯ; ಆದರೆ ಅವನ ಕರಾರಿನ ನಿಯಮವನ್ನು ಅವನಿಗೇ ತೋರಿಸದಿರುವುದು ಯಾವ ನ್ಯಾಯ? ಟೋಕನಿನ ವ್ಯವಸ್ಥೆ ಇರುವುದೇ ಇಂತಹ ವಿವೇಚನೆಗಾಗಿ. ಇಂತಹವನು ಇಂತಹ ಗುತ್ತಿಗೆಯನ್ನು ಮಾತ್ರ ಓದಬಹುದು ಎಂದು ಗೆರೆ ಎಳೆಯುವುದು ತಂತ್ರಜ್ಞರಿಗೆ ಅಸಾಧ್ಯವಾದ ಕೆಲಸವಲ್ಲ.

ಸಹಿ ಮಾಡಿದ ಕರಾರುಪತ್ರವೇ ಪ್ರಮಾಣ, ತಂತ್ರಾಂಶದ ಸೆಟ್ಟಿಂಗಿಗೆ ನ್ಯಾಯಾಲಯದಲ್ಲಿ ಏನು ಬೆಲೆ ಎಂಬುದು ಇನ್ನೊಂದು ಆಕ್ಷೇಪಣೆ. ಇದರಲ್ಲಿ ಸತ್ಯಾಂಶವಿದೆ. ಕರಾರುಪತ್ರವೇ ಒಡೆಯ, ಸೆಟ್ಟಿಂಗು ಅದರ ಆಳು. ಆದರೆ ಪ್ರತಿ ತಿಂಗಳೂ ಹಣವನ್ನು ಎಣಿಸಿ ಕೊಡುವುದು ಆಳಿನ ಕೈ. ಆಳು ಒಡೆಯನ ಮಾತಿನಂತೆ ನಡೆಯುತ್ತಿದ್ದಾನೆಯೇ ಎಂದು ನೋಡಬೇಕಾದರೆ ಅವನ ಕೈಯಲ್ಲಿರುವ ಚೀಟಿಯನ್ನು ಓದಲೇಬೇಕಷ್ಟೆ. ಚೀಟಿಯನ್ನು ಓದಲು ಬಿಡದೆ, ತಪ್ಪಾಗಿದ್ದರೆ ನ್ಯಾಯಾಲಯಕ್ಕೆ ಹೋಗಿ ಎಂದು ಹೇಳುವುದು ಹಣವಂತರಿಗೆ ಒಪ್ಪುವ ಮಾತು. ಮುಂದಿನ ಶನಿವಾರ ಸಂಬಳ ಬಟವಾಡೆ ಮಾಡಬೇಕಾದ ಸಣ್ಣ ಗುತ್ತಿಗೆದಾರನಿಗೆ ಆ ಮಾತಿನಿಂದ ಪ್ರಯೋಜನವಿಲ್ಲ.

ಸಣ್ಣ ಗುತ್ತಿಗೆದಾರನಿಗೆ ಎಪಿಐಯನ್ನು ಬಳಸಲು ಬರುತ್ತದೆಯೇ ಎಂದೂ ಕೇಳಬಹುದು. ಇಂದು ಬಾರದಿರಬಹುದು. ಆದರೆ ಅವನ ಪರವಾಗಿ ಓದಬಲ್ಲವರು ಇರಬಹುದು: ಅವನ ಲೆಕ್ಕಿಗ, ಅವನ ಸಂಘ, ಕಾಲೇಜಿನಲ್ಲಿ ಓದುತ್ತಿರುವ ಅವನ ಮಗಳು. ಬಾಗಿಲು ತೆರೆದಿದ್ದರೆ ದಾರಿ ಬಲ್ಲವರು ಒಳಗೆ ಹೋಗಿ ಬರುತ್ತಾರೆ. ಬಾಗಿಲೇ ಇಲ್ಲದಿದ್ದರೆ ಬಲ್ಲವರಿದ್ದೂ ಫಲವಿಲ್ಲ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮಲ್ಲಿ ಅನೇಕರು ಮುಂದೆ ತಂತ್ರಾಂಶಗಳನ್ನು ರಚಿಸುವ ಕೆಲಸಕ್ಕೆ ಹೋಗುವಿರಿ. ಉಳಿದವರು ಅಂತಹ ತಂತ್ರಾಂಶಗಳು ಹಾಕಿದ ಲೆಕ್ಕದಂತೆ ಸಂಬಳವನ್ನೋ ಸಾಲವನ್ನೋ ವಿದ್ಯಾರ್ಥಿವೇತನವನ್ನೋ ಪಡೆಯುವಿರಿ. ರಚಿಸುವವರು ಮೊತ್ತದ ಪಕ್ಕದಲ್ಲಿ ನಿಯಮಕ್ಕೂ ಒಂದು ಸ್ಥಳವನ್ನು ಬಿಡಿ, ಸೊನ್ನೆಯನ್ನೂ ‘ಇಲ್ಲ’ವನ್ನೂ ಒಂದೇ ಎಂದು ಎಣಿಸಬೇಡಿ, ಓದಲು ಹಕ್ಕುಳ್ಳವರಿಗೆ ಓದುವ ಕಿಟಕಿಯನ್ನು ತೆರೆಯಿರಿ. ಪಡೆಯುವವರು ಅಂಕಿಯನ್ನು ನೋಡಿದೊಡನೆ ತೃಪ್ತರಾಗದೆ, ‘ಇದು ಯಾವ ನಿಯಮದಂತೆ? ಆ ನಿಯಮ ಎಂದಿನದು? ಅದನ್ನು ನಾನು ಓದಬಹುದೆ?’ ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ. ಪ್ರಯೋಗಶಾಲೆಯಲ್ಲಿ ಅಧ್ಯಾಪಕರು ನಿಮ್ಮನ್ನು ಕೇಳುವ ಪ್ರಶ್ನೆಗಳೇ ಇವು. ಅವನ್ನು ಪ್ರಯೋಗಶಾಲೆಯ ಹೊರಗೂ ಕೇಳುವ ಧೈರ್ಯ ಬಂದರೆ ವಿಜ್ಞಾನವನ್ನು ಓದಿದ್ದು ಸಾರ್ಥಕವೆಂದು ನಾವು ಭಾವಿಸುತ್ತೇವೆ.